ನಿಮಗಿದು ಗೊತ್ತೆ? ಒಬ್ಬ ಜನರಲ್‌ಗಾಗಿ ಕಾನೂನೇ ಸಡಿಲವಾಯಿತು!

ಅಮೆರಿಕದ ಜನರಲ್ ಜಾರ್ಜ್ ಮಾರ್ಷಲ್ ರಕ್ಷಣಾ ಸಚಿವರಾಗಲು ಅಲ್ಲಿನ ಕಾನೂನೇ ಅಡ್ಡಿಯಾಗಿತ್ತು. ಸಮವಸ್ತ್ರ ಕಳಚಿ 10 ವರ್ಷ ಕಳೆಯದ ಸೇನಾಧಿಕಾರಿ ಆ ಹುದ್ದೆಗೆ ಬರುವಂತಿಲ್ಲ ಎಂದು 1947ರ ಕಾಯ್ದೆ ಹೇಳಿತ್ತು. ಆದರೆ 1950ರಲ್ಲಿ ಕೊರಿಯಾ ಯುದ್ಧ ಶುರುವಾಗಿತ್ತು. 69ರ ಮಾರ್ಷಲ್ ಒಬ್ಬರಿಗಾಗಿಯೇ ಅಲ್ಲಿನ ಸಂಸತ್ತು ವಿಶೇಷ ಕಾನೂನು ಮಾಡಿ ದಾರಿ ಬಿಟ್ಟಿತು. ಇಂಥ ವಿನಾಯಿತಿ ಮತ್ತೆ ಸಿಕ್ಕಿದ್ದು 2017ರಲ್ಲಿ, ಜನರಲ್ ಜೇಮ್ಸ್ ಮ್ಯಾಟಿಸ್ ಅವರಿಗೆ.

ಅದಕ್ಕೂ ಮೊದಲೇ ಮಾರ್ಷಲ್‌ಗೆ ವಿಶ್ರಾಂತಿ ದಕ್ಕಿರಲಿಲ್ಲ. 1945ರ ನವೆಂಬರ್‌ನಲ್ಲಿ ಸೇನಾ ಮುಖ್ಯಸ್ಥನ ಹೊಣೆ ಇಳಿಸಿ ವರ್ಜೀನಿಯಾದ ಮನೆಗೆ ಬಂದರು. ಪತ್ನಿ ಕ್ಯಾಥರೀನ್ ವಿಶ್ರಾಂತಿಗೆಂದು ಮಹಡಿ ಹತ್ತುತ್ತಿದ್ದರು. ಫೋನ್ ರಿಂಗಾಯಿತು. ಅತ್ತ ಕಡೆ ಅಧ್ಯಕ್ಷ ಟ್ರೂಮನ್: ಚೀನಾಕ್ಕೆ ವಿಶೇಷ ದೂತರಾಗಿ ಹೋಗಬೇಕು. ಮಾರ್ಷಲ್ ಒಪ್ಪಿ ಫೋನ್ ಇಟ್ಟರು. ಪತ್ನಿಗೆ ವಿಷಯ ಗೊತ್ತಾದದ್ದು ರೇಡಿಯೊ ವಾರ್ತೆಯಿಂದ! ಎಂಥ ಕರ್ತವ್ಯನಿಷ್ಠೆ.

1947ರಲ್ಲಿ ವಿದೇಶಾಂಗ ಸಚಿವರಾದರು. ಎರಡನೇ ಮಹಾಯುದ್ಧದಲ್ಲಿ ನೆಲಕಚ್ಚಿದ್ದ ಯುರೋಪನ್ನು ಮೇಲೆತ್ತಿದ ನೆರವಿನ ಯೋಜನೆಗೆ ಅವರದೇ ಹೆಸರು. ವಿದೇಶಾಂಗ, ರಕ್ಷಣೆ ಎರಡೂ ಖಾತೆ ನಿಭಾಯಿಸಿದ ಅಮೆರಿಕನ್ ಇವರೊಬ್ಬರೇ. ಜೀವನವಿಡೀ ಸೈನಿಕನಾಗಿದ್ದ ಈ ವ್ಯಕ್ತಿಗೆ 1953ರಲ್ಲಿ ಸಿಕ್ಕಿದ್ದು ನೊಬೆಲ್ ಶಾಂತಿ ಪ್ರಶಸ್ತಿ.