ಟಿ.ವಿ. ಕೊಳ್ಳುವ ಮೊದಲು ಟೇಪು ಹಿಡಿಯಿರಿ

ಮನೆಯಲ್ಲಿ ಒಬ್ಬರು ಬಿ.ಇ. ಸೇರಿದರೆ ಸಾಕು, ನೆಂಟರಿಷ್ಟರ ಪಾಲಿಗೆ ಅವರೇ ಎಲ್ಲ ಯಂತ್ರಗಳ ಪಂಡಿತರು. ಈ ವರ್ಷ ನನಗೆ ಒಂದೇ ಪ್ರಶ್ನೆಯ ಮೂರು ಫೋನುಗಳು ಬಂದವು: ‘ಚಿಕ್ಕದೊಂದು ಟಿ.ವಿ. ತಗೋಬೇಕು, ಯಾವುದು ಒಳ್ಳೇದು?’ ಕೇಳಿದವರು ಗುಬ್ಬಿ ಕಡೆಯ ಹಳ್ಳಿಯಲ್ಲಿರುವ ಅಜ್ಜಿ, ಕುಣಿಗಲ್‌ನ ಚಿಕ್ಕಪ್ಪ, ತುಮಕೂರಿನಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನ್ನ ಸೀನಿಯರ್.

ಚಿಕ್ಕಪ್ಪ ಆಗಲೇ ಒಂದು ಅಂಗಡಿಗೆ ಹೋಗಿ ಬರಿಗೈಲಿ ಬಂದಿದ್ದರು. ‘4ಕೆ ಅಂದ್ರು, ಎಚ್‌ಡಿಆರ್ ಅಂದ್ರು, ಇನ್ನೂ ಏನೇನೋ ಅಂದ್ರು ಕಣಪ್ಪ. ಅರ್ಥ ಆಗ್ಲಿಲ್ಲ. ಕೇಳೋಕೂ ನಾಚಿಕೆ ಆಯ್ತು’ ಎಂದರು. ನನ್ನನ್ನು ತಟ್ಟಿದ್ದು ಆ ನಾಚಿಕೆ. ಎಷ್ಟೋ ಜನ ಅದನ್ನು ಮುಚ್ಚಿಕೊಳ್ಳಲೆಂದೇ ಬೇಡದ್ದಕ್ಕೂ ತಲೆಯಾಡಿಸಿ ಸಾವಿರಗಟ್ಟಲೆ ಹೆಚ್ಚು ಕೊಟ್ಟು ಬರುತ್ತಾರೆ. ನಿಜಕ್ಕೂ ಟಿ.ವಿ. ಆಯ್ಕೆ ಅಂಗಡಿಯಲ್ಲಿ ಅಲ್ಲ, ಮನೆಯಲ್ಲೇ ಮುಕ್ಕಾಲು ಮುಗಿಯಬೇಕು. ಅದಕ್ಕೆ ಬೇಕಾಗಿರುವುದು ಒಂದು ಅಳತೆ ಟೇಪು ಮತ್ತು ಮೂರು ಪ್ರಶ್ನೆ: ಎಷ್ಟು ದೂರದಿಂದ ನೋಡುತ್ತೇವೆ? ಚಿತ್ರ ಎಲ್ಲಿಂದ ಬರುತ್ತದೆ? ಟಿ.ವಿ.ಗೆ ಏನೇನು ಜೋಡಿಸುತ್ತೇವೆ?

ಮೊದಲು ದೂರ. ಟಿ.ವಿ.ಯ ಇಂಚು ಎಂದರೆ ಮೂಲೆಯಿಂದ ಮೂಲೆಗೆ ಅಳತೆ. 32 ಇಂಚಿನ ಪರದೆಯ ಅಗಲ ಸುಮಾರು 71 ಸೆಂ.ಮೀ., ಎತ್ತರ 40 ಸೆಂ.ಮೀ. ಚಿತ್ರ ಮೂಡುವುದು ಸಣ್ಣ ಚುಕ್ಕಿಗಳಿಂದ. ‘ಎಚ್‌ಡಿ ರೆಡಿ’ ಪರದೆಯಲ್ಲಿ ಸುಮಾರು 10.5 ಲಕ್ಷ ಚುಕ್ಕಿ, ‘ಫುಲ್ ಎಚ್‌ಡಿ’ಯಲ್ಲಿ 20.7 ಲಕ್ಷ, ‘4ಕೆ’ಯಲ್ಲಿ 83 ಲಕ್ಷ. ಹೆಚ್ಚು ಇದ್ದಷ್ಟೂ ಒಳ್ಳೆಯದು ಅನ್ನಿಸುತ್ತದೆ. ಆದರೆ ನಮ್ಮ ಕಣ್ಣಿಗೂ ಒಂದು ಮಿತಿಯಿದೆ. ಒಂದು ಡಿಗ್ರಿಯ 60ನೇ ಒಂದು ಭಾಗಕ್ಕಿಂತ ಹತ್ತಿರವಿರುವ ಎರಡು ಚುಕ್ಕಿಗಳನ್ನು ಸಾಮಾನ್ಯ ದೃಷ್ಟಿ ಬೇರೆ ಬೇರೆಯಾಗಿ ಕಾಣಲಾರದು. 32 ಇಂಚಿನ ಎಚ್‌ಡಿ ರೆಡಿ ಟಿ.ವಿ.ಯಲ್ಲಿ ಒಂದು ಚುಕ್ಕಿ ಸುಮಾರು ಅರ್ಧ ಮಿ.ಮೀ. ಲೆಕ್ಕ ಹಾಕಿದರೆ ಆರು ಅಡಿ ದೂರಕ್ಕೆ ಚುಕ್ಕಿಗಳು ಒಂದರಲ್ಲೊಂದು ಬೆರೆತುಹೋಗುತ್ತವೆ. ಅದಕ್ಕಿಂತ ಹಿಂದೆ ಕೂರುವವರು ಹೆಚ್ಚು ಚುಕ್ಕಿಗೆ ದುಡ್ಡು ಕೊಟ್ಟರೂ ಕಣ್ಣಿಗೆ ಸಿಗುವುದು ಅತ್ಯಲ್ಪ.

ಎರಡನೆಯದು ಚಿತ್ರದ ಮೂಲ. ಅಜ್ಜಿ ಮನೆಯಲ್ಲಿರುವುದು ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್. ಅಲ್ಲಿ ನೋಡುವ ಸಾಧಾರಣ ಎಸ್‌ಡಿ ಚಾನೆಲ್‌ನ ಚಿತ್ರದಲ್ಲಿ ಇರುವುದೇ ಹೆಚ್ಚೆಂದರೆ ನಾಲ್ಕು ಲಕ್ಷ ಚುಕ್ಕಿ. ಬಾವಿಯಲ್ಲಿ ಇದ್ದರಲ್ಲವೇ ಬಿಂದಿಗೆಗೆ ಬರುವುದು? ಒಂಬತ್ತು ಅಡಿ ದೂರದ ಬೆಂಚಿನ ಮೇಲೆ ಕೂತು ಚಂದನ ನೋಡುವ ಅಜ್ಜಿಗೆ ಎಚ್‌ಡಿ ರೆಡಿಯೇ ಧಾರಾಳ. ಅವರಿಗೆ ಬೇಕಾದದ್ದು ಮಾತು ಸ್ಪಷ್ಟವಾಗಿ ಕೇಳಿಸುವ ಸ್ಪೀಕರ್, ದೊಡ್ಡ ಗುಂಡಿಗಳ ರಿಮೋಟು ಮತ್ತು ಹಳೆಯ ಬಾಕ್ಸಿನ ಕೆಂಪು, ಬಿಳಿ, ಹಳದಿ ವೈರು ಚುಚ್ಚಲು ಜಾಗ.

ಮೂರನೆಯದು ಜೋಡಣೆ. ಸೀನಿಯರ್ ಕತೆ ಇದಕ್ಕೆ ತೀರಾ ಉಲ್ಟಾ. ಅವರು ಲ್ಯಾಪ್‌ಟಾಪ್ ಜೋಡಿಸಿ, ಮೂರೇ ಅಡಿ ದೂರದಲ್ಲಿ ಕೂತು ಪಿಡಿಎಫ್ ಓದಬೇಕು, ಮಾಕ್ ಟೆಸ್ಟ್ ಬರೆಯಬೇಕು. ಅಷ್ಟು ಹತ್ತಿರಕ್ಕೆ 32 ಇಂಚಿನ ಎಚ್‌ಡಿ ರೆಡಿಯಲ್ಲಿ ಅಕ್ಷರದ ಅಂಚು ಒಡೆದು ಕಾಣುತ್ತದೆ. ಅವರಿಗೆ 24 ಇಂಚಿನ ಫುಲ್ ಎಚ್‌ಡಿ ಮಾನಿಟರ್ ಸರಿ. ಆದರೆ ಎಷ್ಟೋ ಮಾನಿಟರ್‌ಗಳಲ್ಲಿ ಸ್ಪೀಕರ್ ಇರುವುದಿಲ್ಲ, ನೋಡಿಕೊಳ್ಳಬೇಕು.

ಚಿಕ್ಕಪ್ಪನ ಮನೆಯಲ್ಲಿ ಕೇಬಲ್ಲೂ ಇದೆ, ಮಕ್ಕಳಿಗೆ ಯೂಟ್ಯೂಬೂ ಬೇಕು. ಅವರಿಗೆ 43 ಇಂಚು ಒಪ್ಪಿಸಲು ನೋಡಿದ್ದರಂತೆ. ಅದರ ಅಗಲ ಸುಮಾರು 95 ಸೆಂ.ಮೀ. ಶೋಕೇಸಿನಲ್ಲಿ ಟಿ.ವಿ. ಇಡುವ ಜಾಗ 80 ಸೆಂ.ಮೀ. ಟೇಪು ಹಿಡಿದ ಕೂಡಲೇ ಚರ್ಚೆ ಮುಗಿಯಿತು. ಸ್ಮಾರ್ಟ್ ಟಿ.ವಿ. ವಿಷಯದಲ್ಲಿ ಒಂದು ಮಾತು: ಪರದೆ ಹಲವು ವರ್ಷ ಬಾಳುತ್ತದೆ, ಒಳಗಿನ ಸಾಫ್ಟ್‌ವೇರ್ ಬೇಗ ಹಳತಾಗುತ್ತದೆ. ಆಗ ಟಿ.ವಿ. ಬದಲಿಸಬೇಕಿಲ್ಲ, ಎಚ್‌ಡಿಎಂಐಗೆ ಚುಚ್ಚುವ ಒಂದು ಸ್ಟಿಕ್ ಸಾಕು. ಆದ್ದರಿಂದ ಕನಿಷ್ಠ ಎರಡು ಎಚ್‌ಡಿಎಂಐ ಇದೆಯೇ ನೋಡಿ.

ಇನ್ನು ಡಬ್ಬದ ಮೇಲಿನ ಪದಗಳು. ‘ಎಲ್‌ಇಡಿ’, ‘ಕ್ಯೂಎಲ್‌ಇಡಿ’ ಎರಡೂ ಮೂಲತಃ ಹಿಂದಿನಿಂದ ಬೆಳಕು ಬಿಡುವ ಎಲ್‌ಸಿಡಿ ಪರದೆಗಳೇ. ಎರಡನೆಯದರಲ್ಲಿ ಬಣ್ಣ ತಿದ್ದಲು ಕ್ವಾಂಟಮ್ ಡಾಟ್‌ಗಳಿರುತ್ತವೆ. ಅದು 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ವಿಜ್ಞಾನ ನಿಜ, ಆದರೆ ಪರದೆಯ ಬೆಳಕೇ ಮಂದವಾಗಿದ್ದರೆ ಅದರ ಸೊಗಸು ಕಾಣದು. ಎಚ್‌ಡಿಆರ್ ಕೂಡ ಹಾಗೆಯೇ. ಆ ಸಿಗ್ನಲ್ ತೆಗೆದುಕೊಳ್ಳುವುದು ಬೇರೆ, ಅದನ್ನು ಚೆನ್ನಾಗಿ ತೋರಿಸುವುದು ಬೇರೆ. ಲಕ್ಷಗಟ್ಟಲೆ ‘ಡೈನಮಿಕ್ ಕಾಂಟ್ರಾಸ್ಟ್’ ಸಂಖ್ಯೆಯನ್ನು ಮರೆತುಬಿಡಿ. ನೋಡಬೇಕಾದ ಸಂಖ್ಯೆ ಸ್ಟಾರ್ ಲೇಬಲ್‌ನಲ್ಲಿದೆ: ವರ್ಷಕ್ಕೆ ಎಷ್ಟು ಯೂನಿಟ್ ವಿದ್ಯುತ್ ಎಂಬುದು.

‘ಜಿಎಸ್‌ಟಿ ಇಳಿದಿದೆ, ದೊಡ್ಡದೇ ತಗೊಳ್ಳಿ’ ಎಂಬ ಮಾತೂ ಕೇಳಿಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದದ್ದು 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ತೆರಿಗೆ. 32 ಇಂಚಿನವರೆಗೆ 2019ರಿಂದಲೇ ಶೇ 18 ಇತ್ತು. ತೆರಿಗೆ ಇಳಿದ ಮಾತ್ರಕ್ಕೆ ನಮ್ಮ ಹಜಾರ ಅಗಲವಾಗುವುದಿಲ್ಲವಲ್ಲ!

ಅಂಗಡಿಯಲ್ಲಿ ಓಡುವ ಥಳಥಳ ಡೆಮೊ ವಿಡಿಯೊ ನೋಡಿ ಮರುಳಾಗಬೇಡಿ. ನಿಮ್ಮ ಮನೆಯಲ್ಲಿ ನೋಡುವ ಚಾನೆಲ್ ಹಾಕಿಸಿ, ನಿಮ್ಮ ಮನೆಯಷ್ಟೇ ದೂರ ಹಿಂದೆ ಸರಿದು ನೋಡಿ. ಪಕ್ಕಕ್ಕೆ ಸರಿದಾಗ ಬಣ್ಣ ಮಂಕಾಗುತ್ತದೆಯೇ ಗಮನಿಸಿ, ಕಣ್ಣು ಮುಚ್ಚಿ ವಾರ್ತೆ ಕೇಳಿ. ಸರ್ವಿಸ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ, ಬಿಲ್ಲು ಪಡೆಯಿರಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಗೊತ್ತಿಲ್ಲದ ಪದ ಕಿವಿಗೆ ಬಿದ್ದರೆ ನಾಚಿಕೆ ಬೇಡ. ‘ಇದರಿಂದ ನಮ್ಮ ಮನೆಯಲ್ಲಿ ಏನು ವ್ಯತ್ಯಾಸ ಆಗುತ್ತೆ?’ ಎಂದು ಕೇಳಿ. ಮಾರುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಆ ಪದಕ್ಕೆ ನಾವು ದುಡ್ಡು ಕೊಡಬೇಕಾಗಿಲ್ಲ.