ಇಂಗ್ಲಿಷ್ ವಾಕ್ಯ ತಿದ್ದುವ ಪ್ರಶ್ನೆಗಳು: ಕರ್ತೃ–ಕ್ರಿಯಾಪದ ಹೊಂದಾಣಿಕೆಗೆ ಕನ್ನಡವೇ ಕೈದೀಪ

(ಅರಿವು ಕೇಂದ್ರಗಳ ಸ್ಪರ್ಧಾತ್ಮಕ ಪರೀಕ್ಷಾ ಅಭ್ಯರ್ಥಿಗಳಿಗೆ ನೆರವಾಗುವ ಸಲುವಾಗಿ, ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಮಾಹಿತಿಗೆ)

ಗ್ರಾಮ ಪಂಚಾಯಿತಿ ಮಟ್ಟದ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಒಳಪಟ್ಟ ತರುವಾಯ ಅವು ಅರಿವು ಕೇಂದ್ರಗಳಾಗಿ ರೂಪುಗೊಂಡಿವೆ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವ ಯುವಕ ಯುವತಿಯರಿಗೆ ಹಳ್ಳಿಯಲ್ಲಿ ನೆಮ್ಮದಿಯಿಂದ ಕುಳಿತು ಓದಲು ದೊರೆಯುವ ಸ್ಥಳವೆಂದರೆ ಬಹುತೇಕ ಇದೊಂದೇ. ಇವರಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತವರೇ ಹೆಚ್ಚು. ಸಾಮಾನ್ಯ ಜ್ಞಾನ, ಅಂಕಗಣಿತಗಳಿಗೆ ಅಂಜದ ಅಭ್ಯರ್ಥಿಗಳೂ ಇಂಗ್ಲಿಷ್ ವಿಭಾಗದ ಮುಂದೆ ಧೈರ್ಯಗುಂದುತ್ತಾರೆ. ವ್ಯಾಕರಣ ತಮಗೆ ಒಲಿಯದ ವಿದ್ಯೆಯೆಂದು ಬಗೆದು ಆ ವಿಭಾಗವನ್ನೇ ಕೈಬಿಡುವವರೂ ಉಂಟು. ಆ ವಿಭಾಗದಲ್ಲಿ ಮತ್ತೆ ಮತ್ತೆ ಕೇಳಲಾಗುವ ಒಂದು ಬಗೆಯ ಪ್ರಶ್ನೆಯನ್ನು ಕನ್ನಡದ ಅರಿವಿನಿಂದಲೇ ಬಿಡಿಸಬಹುದೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಅಂಕಗಳ ಲೆಕ್ಕ

ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗವು ಪದವೀಧರರಿಗಾಗಿ ನಡೆಸುವ ಸಂಯುಕ್ತ ಪರೀಕ್ಷೆಯ ಮೊದಲ ಹಂತದಲ್ಲಿ 100 ಪ್ರಶ್ನೆಗಳಿಗೆ 200 ಅಂಕಗಳು. ಅವುಗಳಲ್ಲಿ 25 ಪ್ರಶ್ನೆಗಳು, ಅಂದರೆ 50 ಅಂಕಗಳು, ಇಂಗ್ಲಿಷಿಗೆ ಮೀಸಲು. ಪ್ರತಿ ತಪ್ಪು ಉತ್ತರಕ್ಕೆ ಅರ್ಧ ಅಂಕ ಕಡಿತವಾಗುವುದರಿಂದ ನಾಲ್ಕು ತಪ್ಪುಗಳು ಒಂದು ಸರಿಯುತ್ತರದ ಫಲವನ್ನು ನುಂಗಿಬಿಡುತ್ತವೆ. ಕರ್ನಾಟಕ ಲೋಕಸೇವಾ ಆಯೋಗವು ಗ್ರೂಪ್ 'ಸಿ' ಹುದ್ದೆಗಳಿಗೆ ನಡೆಸುವ ಸಂವಹನ ಪತ್ರಿಕೆಯಲ್ಲಿಯೂ ಸಾಮಾನ್ಯ ಕನ್ನಡದೊಂದಿಗೆ ಸಾಮಾನ್ಯ ಇಂಗ್ಲಿಷ್ ಸೇರಿದೆ. ಒಂದೆರಡು ಅಂಕಗಳ ಅಂತರದಲ್ಲಿ ಆಯ್ಕೆ ತಪ್ಪುವ ಈ ಪರೀಕ್ಷೆಗಳಲ್ಲಿ, ಬಿಡಿಸಬಹುದಾದ ಪ್ರಶ್ನೆಯನ್ನು ಅಂಜಿಕೆಯಿಂದ ಬಿಡುವುದು ದೊಡ್ಡ ನಷ್ಟ.

ವಾಕ್ಯ ತಿದ್ದುವ ಪ್ರಶ್ನೆಯಲ್ಲಿ ಒಂದು ವಾಕ್ಯವನ್ನು ಮೂರು ನಾಲ್ಕು ತುಂಡುಗಳಾಗಿ ಕೊಟ್ಟು, ದೋಷವಿರುವ ತುಂಡನ್ನು ಗುರುತಿಸುವಂತೆ ಕೇಳಲಾಗುತ್ತದೆ. ಇಲ್ಲವೇ ಅಡಿಗೆರೆ ಎಳೆದ ಭಾಗಕ್ಕೆ ಸರಿಯಾದ ರೂಪವನ್ನು ಆರಿಸಬೇಕಾಗುತ್ತದೆ. ಇಂತಹ ಪ್ರಶ್ನೆಗಳಲ್ಲಿ ಪದೇ ಪದೇ ಕಾಣಬರುವ ದೋಷವೆಂದರೆ ಕರ್ತೃಪದದ ವಚನಕ್ಕೆ ಕ್ರಿಯಾಪದ ಹೊಂದದಿರುವುದು.

ಹೊಂದಾಣಿಕೆ ಕನ್ನಡಿಗರಿಗೆ ಹೊಸತಲ್ಲ

ಕನ್ನಡದ ಕ್ರಿಯಾಪದವು ಕರ್ತೃವಿನ ವಚನಕ್ಕೆ ಮಾತ್ರವಲ್ಲದೆ ಲಿಂಗಕ್ಕೂ ಪುರುಷಕ್ಕೂ ಹೊಂದುತ್ತದೆ. ಹುಡುಗನು ಬಂದನು, ಹುಡುಗಿಯು ಬಂದಳು, ಮಕ್ಕಳು ಬಂದರು, ಕರುಗಳು ಬಂದವು ಎಂದು ಹೇಳಲು ಯಾವ ಮಗುವೂ ವ್ಯಾಕರಣದ ಪುಸ್ತಕ ತೆರೆಯುವುದಿಲ್ಲ. ಇಂಗ್ಲಿಷಿನ ನಿಯಮ ಇದಕ್ಕಿಂತ ಬಹಳ ಚಿಕ್ಕದು. ಅಲ್ಲಿ ಕ್ರಿಯಾಪದಕ್ಕೆ ಲಿಂಗಭೇದವಿಲ್ಲ. ಭೂತಕಾಲದಲ್ಲಿ 'ವಾಸ್', 'ವರ್' ಎಂಬ ಜೋಡಿಯನ್ನು ಬಿಟ್ಟರೆ ವಚನಭೇದವೂ ಇಲ್ಲ. ಗಮನಿಸಬೇಕಾದ ಜೋಡಿಗಳು ಕೆಲವೇ: 'ಈಸ್–ಆರ್', 'ವಾಸ್–ವರ್', 'ಹ್ಯಾಸ್–ಹ್ಯಾವ್', 'ಡಸ್–ಡೂ', ಮತ್ತು ವರ್ತಮಾನಕಾಲದ ಕ್ರಿಯಾಪದದ ಕೊನೆಗೆ ಸೇರುವ 'ಎಸ್' ಅಕ್ಷರ.

ಈ 'ಎಸ್' ಅಕ್ಷರವೇ ಮೊದಲ ಗೊಂದಲದ ಮೂಲ. ನಾಮಪದಕ್ಕೆ ಸೇರಿದಾಗ ಅದು ಬಹುವಚನದ ಗುರುತು. ಕ್ರಿಯಾಪದಕ್ಕೆ ಸೇರಿದಾಗ ಏಕವಚನದ ಗುರುತು. 'ದಿ ಟ್ಯಾಂಕ್ ಲೀಕ್ಸ್' ಎಂದರೆ ಒಂದು ಟ್ಯಾಂಕ್ ಸೋರುತ್ತದೆ. 'ದಿ ಟ್ಯಾಂಕ್ಸ್ ಲೀಕ್' ಎಂದರೆ ಹಲವು ಟ್ಯಾಂಕುಗಳು ಸೋರುತ್ತವೆ. ಇಂತಹ ವಾಕ್ಯಗಳಲ್ಲಿ ಆ ಅಕ್ಷರ ಒಂದು ಕಡೆ ಬಂದರೆ ಇನ್ನೊಂದು ಕಡೆ ಬಾರದೆಂದು ತಿಳಿದರೆ ಸಾಕು.

ಪ್ರಶ್ನೆ ಹೆಣೆಯುವವರ ಬಲೆ

ಕರ್ತೃವೂ ಕ್ರಿಯಾಪದವೂ ಅಕ್ಕಪಕ್ಕದಲ್ಲಿದ್ದರೆ ಯಾರೂ ತಪ್ಪುವುದಿಲ್ಲ. ಆದುದರಿಂದ ಪ್ರಶ್ನೆಯಲ್ಲಿ ಅವೆರಡರ ನಡುವೆ ಬೇರೆ ಪದಗಳನ್ನು ತುಂಬಲಾಗುತ್ತದೆ. 'ದಿ ಲಿಸ್ಟ್ ಆಫ್ ಬೆನಿಫಿಶಿಯರೀಸ್ ಹ್ಯಾವ್ ಬೀನ್ ಪಬ್ಲಿಶ್ಡ್' ಎಂಬ ವಾಕ್ಯವನ್ನು ಓದಿದವರಿಗೆ 'ಬೆನಿಫಿಶಿಯರೀಸ್' ಎಂಬ ಬಹುವಚನದ ಪಕ್ಕದಲ್ಲಿ 'ಹ್ಯಾವ್' ಸರಿಯಾಗಿಯೇ ಇದ್ದಂತೆ ತೋರುತ್ತದೆ. ಆದರೆ ಪ್ರಕಟವಾದುದು ಫಲಾನುಭವಿಗಳಲ್ಲ, ಪಟ್ಟಿ. ಪಟ್ಟಿ ಒಂದೇ ಆದುದರಿಂದ 'ಹ್ಯಾಸ್' ಎಂದಿರಬೇಕು.

ಇದೇ ಮಾತನ್ನು ಕನ್ನಡದಲ್ಲಿ ಹೇಳಿದರೆ 'ಫಲಾನುಭವಿಗಳ ಪಟ್ಟಿ ಪ್ರಕಟವಾಗಿದೆ' ಎಂದಾಗುತ್ತದೆ. ಕನ್ನಡದಲ್ಲಿ ವಿಶೇಷಣಗಳೆಲ್ಲ ಮುಂಚೆ ಬಂದು, ಮುಖ್ಯ ನಾಮಪದ ಕೊನೆಯಲ್ಲಿ ಕ್ರಿಯಾಪದದ ಬಳಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಮುಖ್ಯ ನಾಮಪದ ಮೊದಲು ಬರುತ್ತದೆ. ಅದನ್ನು ವಿವರಿಸುವ ಪದಗಳು ಹಿಂದಿನಿಂದ ಬಂದು ಅದನ್ನು ಕ್ರಿಯಾಪದದಿಂದ ದೂರ ಮಾಡುತ್ತವೆ. ಹತ್ತಿರದ ನಾಮಪದವನ್ನೇ ಕರ್ತೃವೆಂದು ನಂಬುವ ಕನ್ನಡಿಗರ ರೂಢಿ ಇಂಗ್ಲಿಷಿನಲ್ಲಿ ಮೋಸಹೋಗುವುದು ಈ ಕಾರಣದಿಂದ.

ಪರಿಹಾರವೂ ಇದರಲ್ಲಿಯೇ ಇದೆ. ಕ್ರಿಯಾಪದಕ್ಕಿಂತ ಹಿಂದಿರುವ ಭಾಗವನ್ನಷ್ಟೇ ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿ, ಅದರ ಕೊನೆಯ ಪದವನ್ನು ನೋಡಬೇಕು. ಆ ಪದವೇ ಕರ್ತೃ.

– 'ಒನ್ ಆಫ್ ದಿ ವೆಲ್ಸ್': ಬಾವಿಗಳಲ್ಲಿ ಒಂದು. ಕೊನೆಯ ಪದ 'ಒಂದು', ಕ್ರಿಯಾಪದ 'ಈಸ್'.
– 'ದಿ ನಂಬರ್ ಆಫ್ ಅಪ್ಲಿಕೇಶನ್ಸ್': ಅರ್ಜಿಗಳ ಸಂಖ್ಯೆ. ಕೊನೆಯ ಪದ 'ಸಂಖ್ಯೆ', ಕ್ರಿಯಾಪದ 'ಹ್ಯಾಸ್'.
– 'ಎ ನಂಬರ್ ಆಫ್ ಅಪ್ಲಿಕೇಶನ್ಸ್': ಹಲವಾರು ಅರ್ಜಿಗಳು. ಕೊನೆಯ ಪದ 'ಅರ್ಜಿಗಳು', ಕ್ರಿಯಾಪದ 'ಹ್ಯಾವ್'.
– 'ದಿ ಸೆಕ್ರೆಟರಿ, ಅಲಾಂಗ್ ವಿತ್ ದಿ ಮೆಂಬರ್ಸ್': ಸದಸ್ಯರೊಂದಿಗೆ ಕಾರ್ಯದರ್ಶಿ. ಕೊನೆಯ ಪದ 'ಕಾರ್ಯದರ್ಶಿ', ಕ್ರಿಯಾಪದ 'ಈಸ್'.

'ದಿ ನಂಬರ್', 'ಎ ನಂಬರ್' ಎಂಬ ಜೋಡಿಯನ್ನು ಬಾಯಿಪಾಠ ಮಾಡಿ ಮರೆಯುವವರು ಅನೇಕರು. ಕನ್ನಡಕ್ಕೆ ತಿರುಗಿಸಿದೊಡನೆ ಅದರ ಕಾರಣ ತಾನಾಗಿ ತಿಳಿಯುತ್ತದೆ. ಬಾಯಿಪಾಠದ ಅಗತ್ಯ ಉಳಿಯುವುದಿಲ್ಲ.

ಕನ್ನಡ ದಾರಿತಪ್ಪಿಸುವ ಐದು ಕಡೆಗಳು

ಈ ಉಪಾಯಕ್ಕೆ ಮಿತಿಯೂ ಉಂಟು. ಕನ್ನಡದ ರೂಢಿಯೇ ಬೇರೆಯಾಗಿರುವ ಐದು ಸಂದರ್ಭಗಳಲ್ಲಿ ಅಭ್ಯರ್ಥಿಗಳು ಎಚ್ಚರ ವಹಿಸಬೇಕು.

1. ಗೌರವದ ಬಹುವಚನ: 'ಅಧ್ಯಕ್ಷರು ಬಂದಿದ್ದಾರೆ' ಎನ್ನುವಾಗ ವ್ಯಕ್ತಿ ಒಬ್ಬರೇ; ಬಹುವಚನವು ಗೌರವದ್ದು. ಇಂಗ್ಲಿಷಿನ ಕ್ರಿಯಾಪದಕ್ಕೆ ಈ ಗೌರವ ತಿಳಿಯದು. 'ದಿ ಪ್ರೆಸಿಡೆಂಟ್ ಹ್ಯಾಸ್ ಅರೈವ್ಡ್' ಎಂದೇ ಬರೆಯಬೇಕು.

2. 'ಪ್ರತಿಯೊಬ್ಬರೂ': ಕನ್ನಡದಲ್ಲಿ 'ಪ್ರತಿಯೊಬ್ಬರೂ ಸಹಿ ಮಾಡಿದ್ದಾರೆ' ಎಂಬುದು ಸಹಜ. ಇಂಗ್ಲಿಷಿನಲ್ಲಿ 'ಎವ್ರಿವನ್', 'ಈಚ್', 'ಎವ್ರಿ' ಎಂಬವು ಏಕವಚನಗಳು. 'ಈಚ್ ಆಫ್ ದಿ ಮೆಂಬರ್ಸ್ ಹ್ಯಾಸ್ ಸೈನ್ಡ್' ಎಂಬುದೇ ಸರಿ.

3. ಎಣಿಕೆಯ ವಸ್ತುಗಳು: ಆಡುಮಾತಿನಲ್ಲಿ 'ಎರಡು ಟ್ಯಾಂಕ್ ಇದೆ' ಎಂದರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ 'ದೇರ್ ಆರ್ ಟೂ ಟ್ಯಾಂಕ್ಸ್' ಎಂದಿರಬೇಕು. ಆದರೆ ಹಣ, ದೂರ, ಅವಧಿಗಳನ್ನು ಒಟ್ಟು ಮೊತ್ತವಾಗಿ ಹೇಳುವಾಗ ಇಂಗ್ಲಿಷಿನಲ್ಲಿಯೂ ಏಕವಚನವೇ: 'ಟೆನ್ ಥೌಸಂಡ್ ರುಪೀಸ್ ಈಸ್ ಎನಫ್'.

4. ಬಹುವಚನವಾಗದ ಪದಗಳು: ಕಚೇರಿಯ ಕನ್ನಡದಲ್ಲಿ 'ಮಾಹಿತಿಗಳು', 'ಪೀಠೋಪಕರಣಗಳು' ಎಂದು ಬರೆಯುವುದುಂಟು. ಇಂಗ್ಲಿಷಿನ 'ಇನ್ಫರ್ಮೇಶನ್', 'ಫರ್ನಿಚರ್', 'ಎಕ್ವಿಪ್‌ಮೆಂಟ್' ಎಂಬವು ಎಷ್ಟೇ ಇದ್ದರೂ ಏಕವಚನದಲ್ಲಿಯೇ ಉಳಿಯುತ್ತವೆ.

5. 'ಇಲ್ಲ' ಎಂಬ ಪದ: 'ಅವನು ಬರಲಿಲ್ಲ', 'ಅವರು ಬರಲಿಲ್ಲ' ಎಂಬಲ್ಲಿ ಕನ್ನಡದ ಕ್ರಿಯಾಪದ ಬದಲಾಗುವುದೇ ಇಲ್ಲ. ಆದುದರಿಂದ 'ನೈದರ್–ನಾರ್' ವಾಕ್ಯಗಳಲ್ಲಿ ಕನ್ನಡ ನೆರವಿಗೆ ಬಾರದು. ಅಲ್ಲಿ ಕ್ರಿಯಾಪದವು ತನ್ನ ಹತ್ತಿರದ ನಾಮಪದಕ್ಕೆ ಹೊಂದುತ್ತದೆ: 'ನೈದರ್ ದಿ ಸೆಕ್ರೆಟರಿ ನಾರ್ ದಿ ಮೆಂಬರ್ಸ್ ವರ್ ಪ್ರೆಸೆಂಟ್'. 'ಐದರ್–ಆರ್' ವಾಕ್ಯಗಳಿಗೂ ಇದೇ ನಿಯಮ.

ಒಂದು ಪ್ರಶ್ನೆಯ ಬಿಡಿಕೆ

ಮಾದರಿಗೆ ಈ ಪ್ರಶ್ನೆಯನ್ನು ನೋಡಬಹುದು. (ಎ) 'ದಿ ಕ್ವಾಲಿಟಿ ಆಫ್ ದಿ ಪೈಪ್ಸ್' (ಬಿ) 'ಸಪ್ಲೈಡ್ ಟು ದಿ ವಿಲೇಜಸ್' (ಸಿ) 'ವರ್ ಚೆಕ್ಡ್ ಕೇರ್‌ಫುಲಿ' (ಡಿ) 'ಬಿಫೋರ್ ಪೇಮೆಂಟ್'. ಮೊದಲು ಕ್ರಿಯಾಪದವನ್ನು ಗುರುತಿಸಬೇಕು: 'ವರ್'. ಅದರ ಹಿಂದಿನ ಭಾಗ ಕನ್ನಡದಲ್ಲಿ 'ಹಳ್ಳಿಗಳಿಗೆ ಪೂರೈಸಿದ ಪೈಪುಗಳ ಗುಣಮಟ್ಟ'. ಕೊನೆಯ ಪದ 'ಗುಣಮಟ್ಟ', ಅದು ಏಕವಚನ. ಹಳ್ಳಿಗಳೂ ಪೈಪುಗಳೂ ದಾರಿತಪ್ಪಿಸಲು ಬಂದ ಬಹುವಚನಗಳು. ಆದುದರಿಂದ ದೋಷವಿರುವುದು 'ಸಿ' ಭಾಗದಲ್ಲಿ; 'ವಾಸ್' ಎಂದಿರಬೇಕು. ಅಭ್ಯಾಸವಾದವರಿಗೆ ಇದು ಅರ್ಧ ನಿಮಿಷದ ಕೆಲಸ.

ಸದಸ್ಯರಿಂದ ಆಗಬಹುದಾದ ಕಾರ್ಯ

ಇದಕ್ಕೆ ದೊಡ್ಡ ಅನುದಾನದ ಅವಶ್ಯಕತೆಯಿಲ್ಲ. ವಾರಕ್ಕೊಂದು ಸಂಜೆ, ಒಂದು ಗಂಟೆಯ ಕಾಲ ಅರಿವು ಕೇಂದ್ರದಲ್ಲಿ ಇಂತಹ ಹತ್ತು ವಾಕ್ಯಗಳನ್ನು ಕನ್ನಡದ ಮೂಲಕ ಬಿಡಿಸುವ ಅಭ್ಯಾಸ ನಡೆದರೆ ಸಾಕು. ಊರಿನಲ್ಲಿರುವ ನಿವೃತ್ತ ಶಿಕ್ಷಕರನ್ನೋ, ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನೌಕರಿಗೆ ಸೇರಿದ ಊರಿನವರನ್ನೋ ಇದಕ್ಕೆ ಒಪ್ಪಿಸುವ ಕೆಲಸ ಸದಸ್ಯರಿಂದಲೇ ಸುಲಭವಾಗಿ ಆಗಬಲ್ಲದು. ಹಿಂದಿನ ಪ್ರಶ್ನೆಪತ್ರಿಕೆಗಳನ್ನು ಮುದ್ರಿಸಿ ಇಡುವಂತೆ ಗ್ರಂಥಾಲಯ ಮೇಲ್ವಿಚಾರಕರಿಗೆ ಸೂಚಿಸಬಹುದು. ಪುಸ್ತಕ ಖರೀದಿಯ ವಿಷಯ ಸಭೆಯ ಮುಂದೆ ಬಂದಾಗ, ಕನ್ನಡದಲ್ಲಿ ವಿವರಣೆಯಿರುವ ಇಂಗ್ಲಿಷ್ ವ್ಯಾಕರಣ ಪುಸ್ತಕಗಳನ್ನು ಪಟ್ಟಿಗೆ ಸೇರಿಸಬಹುದು. ಸಂಜೆಯ ವೇಳೆ ಕೇಂದ್ರ ತೆರೆದಿರುವುದೇ, ಹೆಣ್ಣುಮಕ್ಕಳು ನಿಶ್ಚಿಂತೆಯಿಂದ ಬಂದು ಹೋಗುವಂತೆ ದಾರಿಯಲ್ಲಿ ಬೀದಿದೀಪ ಉರಿಯುತ್ತಿದೆಯೇ ಎಂಬುದನ್ನು ನೋಡಿಕೊಳ್ಳುವುದು ಪಂಚಾಯಿತಿಯದೇ ಹೊಣೆ.

ಇಂಗ್ಲಿಷ್ ಬಾರದೆಂಬ ಕೀಳರಿಮೆಯಿಂದ ಅರ್ಜಿ ಹಾಕುವುದನ್ನೇ ಬಿಟ್ಟವರು ಪ್ರತಿ ಗ್ರಾಮದಲ್ಲಿಯೂ ಇದ್ದಾರೆ. ಅವರಿಗೆ ಮೊದಲು ತಿಳಿಯಬೇಕಾದುದು, ತಾವು ದಿನವೂ ಆಡುವ ಭಾಷೆಯಲ್ಲಿ ಇದಕ್ಕಿಂತ ಕಠಿಣವಾದ ವ್ಯಾಕರಣವನ್ನು ತಪ್ಪಿಲ್ಲದೆ ಬಳಸುತ್ತಿದ್ದೇವೆ ಎಂಬ ಸಂಗತಿ. ಮುಂದಿನ ಸಾಮಾನ್ಯ ಸಭೆಯಲ್ಲಿ ಮಾನ್ಯ ಸದಸ್ಯರು ಈ ವಿಷಯವನ್ನು ಚರ್ಚೆಗೆ ತೆಗೆದುಕೊಂಡು, ತಮ್ಮ ಅರಿವು ಕೇಂದ್ರದಲ್ಲಿ ಅಭ್ಯಾಸದ ದಿನವನ್ನು ಗೊತ್ತುಪಡಿಸುವುದು ಅಪೇಕ್ಷಣೀಯ.