ಕೆಂಪು ಗೆಲಾಕ್ಸಿಗಳೊಳಗಿನ ತಣ್ಣನೆಯ ಅನಿಲ

ದೀರ್ಘವೃತ್ತಾಕಾರದ ಮತ್ತು ಮಸೂರಾಕಾರದ ಗೆಲಾಕ್ಸಿಗಳನ್ನು ಖಗೋಳವಿಜ್ಞಾನಿಗಳು ಒಟ್ಟಾಗಿ ‘ಪೂರ್ವ ವರ್ಗ’ಕ್ಕೆ ಸೇರಿಸುತ್ತಾರೆ, ಎಡ್ವಿನ್ ಹಬಲ್ ರೂಪಿಸಿದ ವರ್ಗೀಕರಣದಲ್ಲಿ ಇವು ಸುರುಳಿ ಗೆಲಾಕ್ಸಿಗಳಿಗಿಂತ ಮೊದಲು ಬರುತ್ತವೆ. ಇವುಗಳ ಕೆಂಪು ಬಣ್ಣ ಮುದಿ ನಕ್ಷತ್ರಗಳದ್ದು. ಬೃಹತ್ತಾದ ನೀಲಿ ನಕ್ಷತ್ರಗಳು ಕೆಲವೇ ಕೋಟಿ ವರ್ಷಗಳಲ್ಲಿ ಉರಿದು ಮುಗಿಯುವುದರಿಂದ, ನೀಲಿ ಕಾಣದ ಕಡೆ ಹೊಸ ನಕ್ಷತ್ರಗಳ ಹುಟ್ಟೂ ನಿಂತಿರಬೇಕೆಂದು ಬಹುಕಾಲ ನಂಬಲಾಗಿತ್ತು. ಆ ತೀರ್ಮಾನ ಅವಸರದ್ದು.

ನಕ್ಷತ್ರ ಹುಟ್ಟಲು ಅನಿಲ ತಣ್ಣಗಿರಬೇಕು. ಕಾದ ಅನಿಲದ ಒತ್ತಡ ಗುರುತ್ವದ ಸೆಳೆತಕ್ಕೆ ಎದುರು ನಿಲ್ಲುತ್ತದೆ. ಸೊನ್ನೆಗಿಂತ ಸುಮಾರು 260 ಡಿಗ್ರಿ ಸೆಲ್ಸಿಯಸ್ ಕೆಳಗಿರುವ ದಟ್ಟ ಮೋಡಗಳು ಮಾತ್ರ ತಮ್ಮ ಭಾರಕ್ಕೆ ತಾವೇ ಕುಸಿದು ನಕ್ಷತ್ರಗಳಾಗುತ್ತವೆ. ಇಷ್ಟು ತಣ್ಣಗಿರುವಾಗ ಹೈಡ್ರೋಜನ್ ಅಣುಗಳು ಗುರುತಿಗೆ ಸಿಗುವಷ್ಟು ಬೆಳಕು ಸೂಸುವುದಿಲ್ಲವಾದ್ದರಿಂದ, ಅವುಗಳೊಡನೆ ಬೆರೆತಿರುವ ಕಾರ್ಬನ್ ಮಾನಾಕ್ಸೈಡ್ 2.6 ಮಿಲಿಮೀಟರ್ ತರಂಗಾಂತರದಲ್ಲಿ ಹೊಮ್ಮಿಸುವ ರೇಡಿಯೊ ಅಲೆಗಳನ್ನು ಅಳೆದು ಅನಿಲದ ಪ್ರಮಾಣವನ್ನು ಅಂದಾಜಿಸಬೇಕಾಗುತ್ತದೆ. ಸಮೀಪದ 260 ಪೂರ್ವ ವರ್ಗದ ಗೆಲಾಕ್ಸಿಗಳನ್ನು ಆಯ್ದುಕೊಂಡ ‘ಅಟ್ಲಾಸ್ ತ್ರೀಡಿ’ ಸಮೀಕ್ಷೆಯು ಸ್ಪೇನಿನಲ್ಲಿರುವ 30 ಮೀಟರ್ ವ್ಯಾಸದ ದೂರದರ್ಶಕದ ನೆರವಿನಿಂದ, ಇವುಗಳಲ್ಲಿ ಶೇ. 22ರಷ್ಟರಲ್ಲಿ ಇಂಥ ಅನಿಲವಿರುವುದನ್ನು 2011ರಲ್ಲಿ ವರದಿ ಮಾಡಿತು.

ಈ ಅನಿಲ ಬಂದದ್ದೆಲ್ಲಿಂದ ಎಂಬುದು ಇಡೀ ವಿಷಯದ ಅತ್ಯಂತ ಸ್ವಾರಸ್ಯಕರ ಪ್ರಶ್ನೆ. ಮುದಿ ನಕ್ಷತ್ರಗಳು ಕಳಚಿಕೊಂಡ ಅನಿಲವಾಗಿದ್ದರೆ ಅದು ಆ ನಕ್ಷತ್ರಗಳು ಸುತ್ತುವ ದಿಕ್ಕಿನಲ್ಲೇ ಸುತ್ತಬೇಕು. ಆದರೆ ವೇಗವಾಗಿ ಆವರ್ತಿಸುವ ಪೂರ್ವ ವರ್ಗದ ಗೆಲಾಕ್ಸಿಗಳಲ್ಲಿ ಮೂರನೇ ಒಂದಕ್ಕಿಂತ ತುಸು ಹೆಚ್ಚಿನವುಗಳಲ್ಲಿ ಅನಿಲವು ನಕ್ಷತ್ರಗಳ ಪಥಕ್ಕೆ ಓರೆಯಾಗಿ, ಕೆಲವೊಮ್ಮೆ ನೇರ ವಿರುದ್ಧವಾಗಿ ಸುತ್ತುತ್ತದೆ. ಇದು ನುಂಗಿದ ನೆರೆ ಗೆಲಾಕ್ಸಿಯಿಂದಲೋ ಹೊರಗಿನ ಅಂತರಿಕ್ಷದಿಂದಲೋ ಬಂದ ಅನಿಲ. ಕನ್ಯಾ ಗೆಲಾಕ್ಸಿಗುಚ್ಛದೊಳಗೆ ಮಾತ್ರ ಅನಿಲವೂ ನಕ್ಷತ್ರಗಳೂ ಬಹುತೇಕ ಒಂದೇ ದಿಕ್ಕಿನಲ್ಲಿ ಸಾಗುತ್ತವೆ, ಏಕೆಂದರೆ ಆ ದಟ್ಟಣೆಯಲ್ಲಿ ಹೊರಗಿನ ತಣ್ಣನೆಯ ಅನಿಲ ಒಳಸೇರುವುದು ಕಷ್ಟ.

ಅನಿಲವಿದ್ದ ಮಾತ್ರಕ್ಕೆ ನಕ್ಷತ್ರಗಳು ಹುಟ್ಟುತ್ತವೆಂದೂ ಹೇಳಲಾಗದು. ಎನ್‌ಜಿಸಿ 1266 ಎಂಬ ಮಸೂರಾಕಾರದ ಗೆಲಾಕ್ಸಿಯ ನಡುವಿನಲ್ಲಿ ಸೂರ್ಯನ ದ್ರವ್ಯರಾಶಿಯ ನೂರು ಕೋಟಿ ಪಟ್ಟಿನಷ್ಟು ಅಣು ಅನಿಲವಿದ್ದರೂ, ಕೇಂದ್ರದ ಕಪ್ಪುರಂಧ್ರದ ಚಟುವಟಿಕೆಯಿಂದ ಅದು ಕದಡಿಹೋಗಿ ಒಂದು ಪಾಲು ಹೊರಕ್ಕೆ ಚಿಮ್ಮುತ್ತಿದೆ, ಅಲ್ಲಿ ನಕ್ಷತ್ರಗಳ ಹುಟ್ಟು ಮಂದವಾಗಿದೆ. ಸೆಂಟಾರಸ್ ಎ ಗೆಲಾಕ್ಸಿಯಲ್ಲಿ ಇದಕ್ಕೆ ವ್ಯತಿರಿಕ್ತವಾದುದು ನಡೆದಿದೆ: ಕಪ್ಪುರಂಧ್ರದ ಬಳಿಯಿಂದ ಹೊರಟ ಚಿಮ್ಮುಧಾರೆಯ ಹಾದಿಯಲ್ಲಿರುವ ಅನಿಲದ ಆಸುಪಾಸಿನಲ್ಲಿ ಎಳೆಯ ನಕ್ಷತ್ರಗಳು ಹುಟ್ಟಿವೆ. ಅವುಗಳ ಅತಿನೇರಳೆ ಬೆಳಕನ್ನು, ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯ ಮುಂದಾಳತ್ವದಲ್ಲಿ ತಯಾರಾಗಿ 2015ರಲ್ಲಿ ಆಸ್ಟ್ರೋಸ್ಯಾಟ್ ಉಪಗ್ರಹದೊಡನೆ ಹಾರಿದ ದೂರದರ್ಶಕವೂ ಚಿತ್ರಿಸಿದೆ.